ಬೂದೆಮ್ಮನ ಮನೆಗೆ ಹರಿದ ಕರೆಂಟು

ಯಾರ ಮನೆಗೆ ಎಷ್ಟು ಕರೆಂಟು ಬೇಕು ಎಂಬುದನ್ನು ಮನುಷ್ಯರ ಬದಲು ತಂತಿಯೇ ತೀರ್ಮಾನಿಸಿದರೆ ಏನಾದೀತು? ರಾಯಚೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಪ್ರಶ್ನೆ ಮೊದಲು ಹೋಗಿ ನಿಂತದ್ದು ಕೃಷ್ಣಾ ನದಿಯ ನಡುವಿನ ಜಾಲಿಗಡ್ಡಿಯಲ್ಲಿ.

ಜಾಲಿಗಡ್ಡಿ ಸುತ್ತ ನೀರಿರುವ ಒಂದು ತುಂಡು ನೆಲ. ಹರಿಗೋಲು ಬಿಟ್ಟರೆ ಬೇರೆ ದಾರಿ ಇಲ್ಲ. ಹೊಳೆ ದಾಟಿಸಿ ಕಂಬ ನೆಡುವ ಮಾತು ಚುನಾವಣೆಗೊಮ್ಮೆ ಬರುತ್ತಿತ್ತು, ಮಳೆಗಾಲದ ಹೊಳೆಯಲ್ಲಿ ಕೊಚ್ಚಿಕೊಂಡು ಹೋಗುತ್ತಿತ್ತು. ಕಡೆಗೆ ಬಂದದ್ದು ಕಂಬವಲ್ಲ, ಪೆಟ್ಟಿಗೆ. ಮನೆಮನೆಯ ಮಾಳಿಗೆಯ ಮೇಲೆ ಸೌರಫಲಕ, ಒಳಗೆ ಗೋಡೆಯ ಪಕ್ಕದಲ್ಲಿ ಟ್ರಂಕಿನಷ್ಟು ದೊಡ್ಡ ಒಂದು ಪೆಟ್ಟಿಗೆ, ಅದರೊಳಗೆ ಬ್ಯಾಟರಿ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ತಂತಿ. ಆ ಮನೆಯವರು ಯಾವಾಗ ಬಲ್ಬು ಹಚ್ಚುತ್ತಾರೆ, ಯಾವಾಗ ಟಿವಿ ಹಾಕುತ್ತಾರೆ, ಯಾವಾಗ ಮಲಗುತ್ತಾರೆ ಎಂಬುದನ್ನೆಲ್ಲ ಪೆಟ್ಟಿಗೆ ದಿನವೂ ಗಮನಿಸಿ ಕಲಿಯುತ್ತಿತ್ತು. ಕಲಿತದ್ದನ್ನು ಉಳಿದ ಪೆಟ್ಟಿಗೆಗಳಿಗೆ ತಿಳಿಸುತ್ತಿತ್ತು. ಒಂದು ಮನೆಗೆ ಹೆಚ್ಚು ಬೇಕಾಗುವ ಹೊತ್ತು ಹತ್ತಿರವಾದರೆ, ಕೇಳುವ ಮೊದಲೇ ಮಿಕ್ಕ ಮನೆಗಳಿಂದ ಅಲ್ಲಿಗೆ ಕರೆಂಟು ಹರಿಯುತ್ತಿತ್ತು. ಯಾರು ದೊಡ್ಡವರು, ಯಾರು ಸಣ್ಣವರು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಟ್ಟು ಗಡ್ಡಿಗೆ ಆಗುವ ತೊಂದರೆ ಕಡಿಮೆಯಾಗಬೇಕು ಎಂಬ ಒಂದೇ ನಿಯಮ ಕೊಟ್ಟು, ಉಳಿದದ್ದನ್ನು ಕಲಿಯಲು ಬಿಟ್ಟಿದ್ದರು. ಗಡ್ಡಿಯ ಜನ ಅದನ್ನು ಪಾಲುಪೆಟ್ಟಿಗೆ ಎಂದು ಕರೆದರು.

ಪಾಲುಪೆಟ್ಟಿಗೆ ಬಂದಮೇಲೆ ಎಲ್ಲರಿಗಿಂತ ಹೆಚ್ಚು ಬದಲಾದದ್ದು ದುರುಗಮ್ಮನ ಬದುಕು. ಅವಳ ಗಂಡ ಆದೆಪ್ಪ ಹರಿಗೋಲು ಹಾಕುವವನು. ಮೊದಲೆಲ್ಲ ಗಡ್ಡಿಯ ಹೆಂಗಸರು ಜೋಳದ ಚೀಲ ಹೊತ್ತು ಅವನ ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗಿ ಬೀಸಿಸಿಕೊಂಡು ಬರಬೇಕಿತ್ತು. ಎಷ್ಟೋ ಸಲ ಹಿಟ್ಟು ತೊಯ್ದು ದಾರಿಯಲ್ಲೇ ಮುದ್ದೆಯಾಗಿರುತ್ತಿತ್ತು. ದುರುಗಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಣ್ಣ ಗಿರಣಿ ಹಾಕಿಸಿದಳು. ಮಗಳನ್ನು ಮಾನ್ವಿ ಕಡೆಗೆ ಕೊಟ್ಟು, ಮೊಮ್ಮಗನನ್ನೂ ಕಂಡಿದ್ದ ಹೆಂಗಸು ಅವಳು. ಗಿರಣಿಯ ಸದ್ದಿನಲ್ಲಿ ಅವಳ ಧ್ವನಿಯೂ ದೊಡ್ಡದಾಯಿತು, ನಡಿಗೆಯೂ ಗಟ್ಟಿಯಾಯಿತು.

ಆ ವರ್ಷದ ಆಷಾಢದಲ್ಲಿ ಮೋಡ ಕವಿದದ್ದು ತೆರೆಯಲೇ ಇಲ್ಲ. ಫಲಕಗಳಿಗೆ ಬಿಸಿಲು ಸಾಲದೆ ಕರೆಂಟು ಕಡಿಮೆಯಾಯಿತು. ಅದು ಎಲ್ಲರಿಗೂ ಅರ್ಥವಾಗುವ ಮಾತು. ಅರ್ಥವಾಗದ್ದು ಬೇರೆ. ಗಿರಣಿ ಬೀಸುತ್ತ ಬೀಸುತ್ತ ನಡುವೆ ನಿಂತುಬಿಡುತ್ತಿತ್ತು. ಅರ್ಧ ಜೋಳ, ಅರ್ಧ ಹಿಟ್ಟು. ಟಿವಿ ಹಾಕಿದವರ ಟಿವಿ ಕಣ್ಣು ಮುಚ್ಚುತ್ತಿತ್ತು. ಆಗ ಆದೆಪ್ಪ ಪೆಟ್ಟಿಗೆಯ ಮೇಲಿನ ಸೂಚಕ ನೋಡಿ, ಕರೆಂಟು ಹೊರಗೆ ಹೋಗುತ್ತಿದೆ ಎಂದು ಹೇಳಿದ. ಒಂದೊಂದೇ ಮನೆಯ ಪೆಟ್ಟಿಗೆ ನೋಡುತ್ತ ಹೋದಾಗ ಎಲ್ಲ ಮನೆಗಳಿಂದಲೂ ಅದು ಬೂದೆಮ್ಮನ ಮನೆಯ ದಿಕ್ಕಿಗೇ ಹರಿಯುತ್ತಿರುವುದು ಗೊತ್ತಾಯಿತು.

ಬೂದೆಮ್ಮ ಗಡ್ಡಿಯ ಹಳೆಯ ಸೂಲಗಿತ್ತಿ. ಗುಡ್ಡೆಯ ಮೇಲಿನ ಮನೆಯಲ್ಲಿ ಕೋಳಿ ಸಾಕಿಕೊಂಡು ಒಬ್ಬಳೇ ಇದ್ದಳು. ಗಡ್ಡಿಯಲ್ಲಿ ಎತ್ತರದ ಜಾಗ ಅದೊಂದೇ ಆದ್ದರಿಂದ ಹೆಚ್ಚುವರಿಯ ದೊಡ್ಡ ಬ್ಯಾಟರಿಗಳನ್ನು ಅವಳ ಮನೆಯಲ್ಲೇ ಇಟ್ಟಿದ್ದರು. ಈಗ ಹೆರಿಗೆ ಎಂದು ಅವಳ ಬಳಿ ಯಾರೂ ಬರುತ್ತಿರಲಿಲ್ಲ. ಬಸುರಿಯರನ್ನು ಹೊಳೆ ಬರುವ ಮೊದಲೇ ಆಚೆ ದಡದ ನೆಂಟರ ಮನೆಗೆ ಕಳಿಸುವುದು ರೂಢಿಯಾಗಿತ್ತು. ಹಾಗೆ ಕಳಿಸಿರೆಂದು ಮೊದಲು ಹೇಳಿದವಳೂ ಬೂದೆಮ್ಮನೇ. ಹಿಂದಿನ ವರ್ಷ ಹೊಳೆ ಅನಿರೀಕ್ಷಿತವಾಗಿ ಏರಿ, ಹೋಗಲಾಗದೆ ಸಿಕ್ಕಿಬಿದ್ದ ಇಬ್ಬರು ಮಾತ್ರ ಅವಳ ಮನೆಯಲ್ಲಿ ಹೆತ್ತಿದ್ದರು.

ದುರುಗಮ್ಮ ಏದುಸಿರು ಬಿಡುತ್ತ ಗುಡ್ಡೆ ಹತ್ತಿ ಹೋಗಿ ಜಗಳ ತೆಗೆದಳು. ಬೂದೆಮ್ಮ ಅವಳನ್ನು ಒಳಗೆ ಕರೆದು ಮನೆಯನ್ನೆಲ್ಲ ತೋರಿಸಿದಳು.

“ನೋಡವಾ, ಇರೋದು ಎರಡು ಬಲ್ಬು. ಒಂದು ನನಗ, ಒಂದು ಕೋಳಿಮರಿಗೆ. ನಿಮ್ಮ ಕರೆಂಟ್ ತಗೊಂಡು ನಾ ಏನು ಮಾಡ್ಲಿ? ಬೇಕಂದ್ರ ಈಗೇ ತಂತಿ ಕಿತ್ತುಬಿಡು.”

ದುರುಗಮ್ಮನಿಗೆ ತಂತಿ ಕೀಳಲು ಕೈ ಬರಲಿಲ್ಲ. ಹಾಗೆಂದು ಸಿಟ್ಟೂ ಇಳಿಯಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕು ಎಂಬುದೇ ತಿಳಿಯದೆ ಕೆಳಗಿಳಿದು ಬಂದಳು.

ರಾಯಚೂರಿನ ಕೋಣೆಯಲ್ಲಿ ಫರ್ಜಾನಾಳಿಗೂ ಅದೇ ಪಾಡು. ಜಾಲಿಗಡ್ಡಿಯ ಪೆಟ್ಟಿಗೆಗಳು ಕಳಿಸುವ ಅಂಕಿಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಅವಳು. ಪರದೆಯ ಮೇಲೆ ಮನೆಗಳೆಲ್ಲ ಸಣ್ಣ ಚುಕ್ಕೆಗಳು, ಅವುಗಳ ನಡುವೆ ಹರಿವಿನ ಗೆರೆಗಳು. ಗೆರೆಗಳೆಲ್ಲ ಗುಡ್ಡೆಯ ಮೇಲಿನ ಒಂದೇ ಚುಕ್ಕೆಗೆ ಬಾಗಿದ್ದವು. ಆ ಚುಕ್ಕೆ ಮಾತ್ರ ಇನ್ನೂ ಸಾಲದು, ಇನ್ನೂ ಸಾಲದು ಎಂದು ಕೇಳುತ್ತಲೇ ಇತ್ತು.

ಯೋಜನೆಯ ಮುಖ್ಯಸ್ಥ ಹಂಪಣ್ಣವರ್ ನೋಡಿದವರೇ ಇದು ಬ್ಯಾಟರಿಯ ಮಟ್ಟ ಅಳೆಯುವ ಸಂವೇದಕದ ದೋಷ ಎಂದರು. ತುಂಬಿದ್ದನ್ನೂ ಖಾಲಿ ಎಂದು ತೋರಿಸುತ್ತಿರಬೇಕು. ಹೊಳೆ ಇಳಿದಮೇಲೆ ಹೋಗಿ ಬದಲಿಸೋಣ, ಅಲ್ಲಿಯವರೆಗೆ ಇಲ್ಲಿಂದಲೇ ಆ ಪೆಟ್ಟಿಗೆ ಕಲಿತದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡು ಎಂದರು. ಅದಕ್ಕೆ ಒಂದು ಗುಂಡಿ ಒತ್ತಿದರೆ ಸಾಕಿತ್ತು.

ಫರ್ಜಾನಾ ಒತ್ತುವ ಮೊದಲು ಹಳೆಯ ಅಂಕಿಗಳನ್ನು ತೆರೆದಳು. ಹೀಗೆ ಆ ಮನೆಗೆ ಕರೆಂಟು ಸೇರಿದ್ದು ಇದೇ ಮೊದಲಲ್ಲ. ಹಿಂದಿನ ಮಳೆಗಾಲದಲ್ಲೂ ಎರಡು ಸಲ ಆಗಿತ್ತು. ಆ ಎರಡು ಸಲವೂ ಅಲ್ಲಿ ಹೆರಿಗೆಯಾದದ್ದು ಅವಳಿಗೆ ಗಡ್ಡಿಯವರಿಂದ ಗೊತ್ತಿತ್ತು; ಜನ ತಂದ ಬಲ್ಬುಗಳು ಉರಿದಿದ್ದವು, ಹೀಟರಿನಲ್ಲಿ ನೀರು ಕಾದಿತ್ತು, ಗಡ್ಡಿಯ ಮನೆಗಳಲ್ಲೆಲ್ಲ ಜನ ಎಚ್ಚರವಿದ್ದರು. ಮೊದಲ ಸಲ ಕರೆಂಟು ತಡವಾಗಿ ಹೋಗಿತ್ತು. ಎರಡನೆಯ ಸಲ ಎಷ್ಟೋ ದಿನ ಮುಂಚೆಯೇ ಸೇರತೊಡಗಿತ್ತು. ಪೆಟ್ಟಿಗೆ ಏನನ್ನೋ ಕಲಿತಿತ್ತು. ಹೆತ್ತ ಮನೆಗಳ ಹಿಂದಿನ ತಿಂಗಳುಗಳನ್ನು ಅವಳು ನೋಡಿದಳು. ಬಚ್ಚಲ ದೀಪ ಮತ್ತೆ ಮತ್ತೆ ಹತ್ತುವುದು, ಹೊತ್ತಲ್ಲದ ಹೊತ್ತಿನಲ್ಲಿ ಫ್ಯಾನು ತಿರುಗುವುದು, ಬೆಳಗ್ಗೆ ಅಡುಗೆಮನೆಯ ದೀಪ ತಡವಾಗಿ ಹತ್ತುವುದು. ಇವು ಯಾವುದಕ್ಕೂ ಬೇಕಾದರೆ ನೂರು ಕಾರಣ ಇದ್ದಾವು. ಆದರೂ ಈಗ ಗಡ್ಡಿಯ ಒಂದು ಮನೆಯಲ್ಲಿ ಅದೇ ಬಗೆಯ ಏರಿಳಿತ ಕಾಣುತ್ತಿತ್ತು. ಅದು ಗಿರಣಿಯ ಮನೆ.

ಅವಳು ಹಂಪಣ್ಣವರಿಗೆ ಹೇಳಿದಳು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಪರದೆ ನೋಡಿ, “ಫರ್ಜಾನಾ, ಬೇಕು ಅಂತ ನೋಡಿದರ ಮೋಡದಾಗೂ ಆನೆ ಕಾಣ್ತದ. ಆ ಮನ್ಯಾಗ ಇರೋರು ಯಾರು? ಅಜ್ಜಿ ಆದ ಹೆಂಗಸು. ಅಳಿಸಿಬಿಡು,” ಎಂದರು.

ಅವರು ಹೇಳಿದ್ದು ಸರಿಯೆನಿಸಿತು. ಅಂಕಿಗಳೂ ಸರಿಯೆನಿಸಿದವು. ಎರಡೂ ಸರಿಯಿರಲು ಸಾಧ್ಯವಿರಲಿಲ್ಲ. ಇನ್ನೊಬ್ಬಳ ಬಚ್ಚಲ ದೀಪ ನೋಡಿ ಅವಳ ಒಡಲಿನ ಸುದ್ದಿ ಊಹಿಸಲು ತಾನು ಯಾರು ಎಂಬ ಅಳುಕೂ ಇತ್ತು. ಬೇರೆಯವರಿಗೆ ಹೇಳಿದರೆ ಆ ಹೆಂಗಸಿನ ಮರ್ಯಾದೆ, ಹೇಳದಿದ್ದರೆ ಜೀವವೇ ಹೋದೀತೇನೋ. ಕಡೆಗೆ ಸಂಜೆ ನೇರವಾಗಿ ದುರುಗಮ್ಮನಿಗೇ ಫೋನ್ ಮಾಡಿದಳು.

ಗಿರಣಿ ಸರಿಮಾಡುತ್ತೇವೆ ಎಂಬ ಮಾತಿಗೆ ಕಾದಿದ್ದ ದುರುಗಮ್ಮ ಉತ್ಸಾಹದಿಂದಲೇ ಎತ್ತಿಕೊಂಡಳು.

“ದುರುಗಮ್ಮಕ್ಕ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಹೊರಗಾಗಿ ಎಷ್ಟು ದಿನ ಆತು?”

ದುರುಗಮ್ಮ ತಪ್ಪು ಕೇಳಿಸಿತೇನೋ ಎಂದುಕೊಂಡಳು. ಆಮೇಲೆ ಹೇಳಿದಳು: “ಅದು ನಿಂತೇ ಹೋಗ್ಯಾದ್ರಿ. ನನ್ನ ವಯಸ್ಸಿಗೆ ಎಲ್ಲಾರಿಗೂ ನಿಲ್ತದ. ಗಿರಣಿಗೂ ಅದಕ್ಕೂ ಏನ್ರಿ ಸಂಬಂಧ?”

ಫರ್ಜಾನಾ ತಡವರಿಸುತ್ತ, ಬಚ್ಚಲ ದೀಪ ನೋಡಿದರೆ ಈಚೆಗೆ ನೀವು ರಾತ್ರಿ ಬಹಳ ಸಲ ಏಳುತ್ತಿರುವಂತೆ ಕಾಣುತ್ತದೆ, ಒಮ್ಮೆ ವೈದ್ಯರಿಗೆ ತೋರಿಸಿಕೊಂಡರೆ ಒಳ್ಳೆಯದು ಎಂದಳು.

“ನಮ್ಮ ಬಚ್ಚಲದ ಬಲ್ಬು ನೀವು ಅಲ್ಲಿ ಕುಂತು ನೋಡ್ತೀರೇನು?” ಎಂದಳು ದುರುಗಮ್ಮ ಸಣ್ಣ ಧ್ವನಿಯಲ್ಲಿ. ಫೋನ್ ಕಟ್ ಮಾಡಿದಳು.

ಅವಳು ಎದ್ದು ಹೋಗಿ ಒಂದು ಗೋಣಿಚೀಲ ತಂದು ಪೆಟ್ಟಿಗೆಯ ಮೇಲೆ ಹೊದಿಸಿದಳು. ಆದೆಪ್ಪ ಯಾಕೆಂದು ಕೇಳಿದ. ಧೂಳು ಎಂದಳು. ಆಮೇಲೆ ಬಚ್ಚಲಿಗೆ ಕತ್ತಲಲ್ಲೇ ಹೋಗತೊಡಗಿದಳು. ತನ್ನ ಮೈಯ ಬಗ್ಗೆ ಅವಳಿಗೇನೂ ಗೊತ್ತಿರಲಿಲ್ಲವೆಂದಲ್ಲ. ಸೊಂಟ ನೋಯುತ್ತಿತ್ತು, ಹೊಟ್ಟೆ ಉಬ್ಬರಿಸಿದಂತಿತ್ತು, ಒಳಗೆ ಏನೋ ಹೊರಳಿದಂತಾಗುತ್ತಿತ್ತು. ಗಿರಣಿಯ ಹೊಟ್ಟು ಹೊಟ್ಟೆಗೆ ಹೋಗಿ ವಾಯು ಆಗಿದೆ ಎಂದುಕೊಂಡು ಓಮಿನ ಕಾಳು ಅಗಿಯುತ್ತಿದ್ದಳು. ಮೊದಲಿನಿಂದಲೂ ದಪ್ಪ ಮೈ. ಸೀರೆಯ ನೆರಿಗೆಯಲ್ಲಿ ಯಾರಿಗೂ ಏನೂ ಕಂಡಿರಲಿಲ್ಲ, ಅವಳಿಗೂ ಕಂಡಿರಲಿಲ್ಲ.

ಇತ್ತ ಫರ್ಜಾನಾ ಗುಂಡಿ ಒತ್ತಲಿಲ್ಲ. ಧೈರ್ಯದಿಂದ ಒತ್ತದೆ ಬಿಟ್ಟಳು ಎಂದರೆ ಸುಳ್ಳಾದೀತು. ನಾಳೆ ನೋಡೋಣ ಎಂದುಕೊಂಡಳು, ಮರುದಿನವೂ ಹಾಗೇ ಅಂದುಕೊಂಡಳು. ಅಷ್ಟರಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಹೊಳೆ ಎರಡೂ ದಡ ತುಂಬಿ ಹರಿಯಿತು. ಆದೆಪ್ಪ ಹರಿಗೋಲನ್ನು ಮೇಲೆಳೆದು ಜಾಲಿಮರಕ್ಕೆ ಕಟ್ಟಿಹಾಕಿದ. ಜಾಲಿಗಡ್ಡಿಗೆ ಇನ್ನು ಯಾರೂ ಬರುವಂತಿರಲಿಲ್ಲ, ಅಲ್ಲಿಂದ ಯಾರೂ ಹೋಗುವಂತಿರಲಿಲ್ಲ.

ಮಳೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ದುರುಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬೆನ್ನು ಹಿಡಿದಂತಾಗಿ ಗೋಡೆಗೆ ಒರಗಿದಳು. ಬಿಟ್ಟಿತು, ಮತ್ತೆ ಹಿಡಿಯಿತು. ಆದೆಪ್ಪ ಅವಳನ್ನು ತೋಳಲ್ಲಿ ಹಿಡಿದುಕೊಂಡು, ಬೆನ್ನು ತಿಕ್ಕಿಸಿಕೊಂಡು ಬರೋಣ ಎಂದು ಬೂದೆಮ್ಮನ ಮನೆಗೆ ಕರೆದುಕೊಂಡು ಹೋದ. ಜಗಳದ ನಂತರ ದುರುಗಮ್ಮ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಬೂದೆಮ್ಮ ಚಾಪೆ ಹಾಸಿದಳು. ಎಣ್ಣೆಯ ಕೈಯಲ್ಲಿ ಬೆನ್ನು ಮುಟ್ಟಿದವಳು ಹಾಗೇ ಹೊಟ್ಟೆಯ ಮೇಲೆ ಕೈಯಿಟ್ಟು ಅಲ್ಲಲ್ಲಿ ಒತ್ತಿ ನೋಡಿದಳು.

“ದುರುಗಿ, ಇದು ವಾಯು ಅಲ್ಲ. ಕೂಸು ಅದ.”

ದುರುಗಮ್ಮ ನಕ್ಕಳು. ಮತ್ತೊಂದು ನೋವು ಬಂದಾಗ ನಗು ಅಲ್ಲೇ ನಿಂತಿತು. ಮಗಳಿಗೆ ಏನು ಹೇಳಲಿ, ಅಳಿಯನ ಮುಂದೆ ಹೇಗೆ ನಿಲ್ಲಲಿ ಎಂದು ಅಳತೊಡಗಿದಳು. ಬೂದೆಮ್ಮ, ಅದೆಲ್ಲ ಆಮೇಲೆ, ಮೊದಲು ಉಸಿರು ಬಿಡು ಎಂದಳು. ಆದೆಪ್ಪ ಹೊರಗೆ ಮಳೆಯಲ್ಲಿ ನಿಂತು ಯಾರಿಗೆ ಫೋನ್ ಮಾಡಬೇಕೋ ತೋಚದೆ, ದುರುಗಮ್ಮನ ಫೋನಿಗೆ ಕಡೆಯದಾಗಿ ಬಂದಿದ್ದ ಫರ್ಜಾನಾಳ ನಂಬರಿಗೇ ಮಾಡಿದ.

ಅವನು ಹೇಳುವ ಮೊದಲೇ ಫರ್ಜಾನಾ ಪರದೆಯ ಮೇಲೆ ನೋಡಿದ್ದಳು. ಗಡ್ಡಿಯ ಚುಕ್ಕೆಗಳು ಒಂದೊಂದಾಗಿ ಕಪ್ಪಾಗುತ್ತಿದ್ದವು. ಫ್ಯಾನು, ಟಿವಿ, ದೀಪ ಎಲ್ಲವೂ ಬಂದ್. ಗುಡ್ಡೆಯ ಮೇಲಿನ ಒಂದು ಚುಕ್ಕೆ ಮಾತ್ರ ಉರಿಯುತ್ತಿತ್ತು. ಅವಳು ತಾಲೂಕಿನ ವೈದ್ಯೆಯೊಬ್ಬರನ್ನು ಹುಡುಕಿ, ವಿಡಿಯೊ ಕರೆಯಲ್ಲಿ ಆ ಮನೆಗೆ ಜೋಡಿಸಿಕೊಟ್ಟಳು. ಹಂಪಣ್ಣವರ್ ಬಂದು ಹಿಂದೆ ನಿಂತರು.

ಮೋಡದ ಮಬ್ಬಿನಲ್ಲೂ ಬೂದೆಮ್ಮನ ಮನೆ ಬೆಳಕಾಗಿತ್ತು. ಸಂಜೆಯ ಮುಂಚೆ ಹೆಣ್ಣುಕೂಸು ಹುಟ್ಟಿತು. ದಿನ ತುಂಬದ ಕೂಸು, ಅಂಗೈಯಗಲ ಇತ್ತು, ಅಳು ಕೂಡ ಸರಿಯಾಗಿ ಬರಲಿಲ್ಲ. ದುರುಗಮ್ಮನಿಗೆ ರಕ್ತ ನಿಲ್ಲದಾಯಿತು. ಫೋನಿನಲ್ಲಿದ್ದ ವೈದ್ಯೆ ಹೊಟ್ಟೆಯನ್ನು ಎಲ್ಲಿ ಒತ್ತಬೇಕು, ಹೇಗೆ ನೀವಬೇಕು ಎಂದು ನೋಡುತ್ತ ನೋಡುತ್ತ ಹೇಳಿದರು. ಬೂದೆಮ್ಮ ಹಾಗೆ ಮಾಡಿದಳು. ರಕ್ತ ಹತೋಟಿಗೆ ಬಂದಾಗ ಅವಳೂ ವೈದ್ಯೆಯೂ ಒಟ್ಟಿಗೇ ಉಸಿರು ಬಿಟ್ಟರು. ಕೂಸನ್ನು ತಾಯಿಯ ಎದೆಯ ಮೇಲೆ ಬರಿಮೈಗೆ ಬರಿಮೈ ತಾಗುವಂತೆ ಮಲಗಿಸಿ, ಕೋಣೆ ಬೆಚ್ಚಗಿಡಿ ಎಂದು ವೈದ್ಯೆ ಹೇಳಿದರು. ಬೂದೆಮ್ಮ ಕೋಳಿಮರಿಗಳಿಗೆ ಹಾಕಿದ್ದ ಬಿಸಿ ಬಲ್ಬನ್ನು ತಂದು ಚಾಪೆಯ ಹತ್ತಿರ ಕಟ್ಟಿದಳು. ಹೊಳೆ ಇಳಿದು, ರಕ್ಷಣಾ ದಳದ ದೋಣಿ ಬರುವವರೆಗೆ ಆ ಬಲ್ಬು ಆರಲಿಲ್ಲ. ಫೋನೂ ಆರಲಿಲ್ಲ. ಉಳಿದ ಗಡ್ಡಿಯಲ್ಲಿ ಎಲ್ಲೂ ದೀಪವಿರಲಿಲ್ಲ. ಜನ ಚಿಮಣಿ ಹಚ್ಚಿಕೊಂಡು ಕುಳಿತರು. ಈ ಸಲ ಕರೆಂಟು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ತಾಯಿ ಮಗು ಆಸ್ಪತ್ರೆಯಿಂದ ಮರಳಿದಮೇಲೆ ಫರ್ಜಾನಾ ಮತ್ತು ಹಂಪಣ್ಣವರ್ ಗಡ್ಡಿಗೆ ಬಂದರು. ಬೂದೆಮ್ಮನ ಮನೆಯ ಪೆಟ್ಟಿಗೆಯನ್ನು ಬಿಚ್ಚಿದರು. ಸಂವೇದಕದ ತಂತಿ ಕೂಡುವ ಜಾಗದಲ್ಲಿ ಇರುವೆಗಳು ಮಣ್ಣು ತುಂಬಿ ಗೂಡು ಕಟ್ಟಿದ್ದವು. ಹಂಪಣ್ಣವರ್ ಹಗುರಾದರು. ನೋಡು, ನಾ ಹೇಳಿದ್ದು ಇದೇ, ಇರುವೆ ಗೂಡಿನಿಂದ ಅಳತೆ ತಪ್ಪಿ ಪೆಟ್ಟಿಗೆ ಸುಮ್ಮನೆ ಕರೆಂಟು ಕೇಳಿದೆ ಎಂದರು. ಫರ್ಜಾನಾ ಆ ಮಣ್ಣನ್ನು ಬೆರಳಲ್ಲಿ ಪುಡಿಮಾಡಿ ನೋಡಿದಳು. ಹೊಳೆ ಏರಿದಾಗ ಇರುವೆಗಳು ಎತ್ತರ ಹುಡುಕಿಕೊಂಡು ಬರುತ್ತವೆ. ಗೂಡು ಕಟ್ಟಿದ್ದು ಕರೆಂಟು ಹರಿಯುವ ಮೊದಲೋ, ನೆರೆ ಬಂದ ಮೇಲೋ? ಮಣ್ಣಿಗೆ ಅದನ್ನು ಹೇಳಲು ಬರುವುದಿಲ್ಲ. ಪೆಟ್ಟಿಗೆಯ ಅಂಕಿಗಳಿಂದಲೂ ಎರಡನ್ನೂ ಸಾಧಿಸಬಹುದಿತ್ತು.

ದುರುಗಮ್ಮ ಕೂಸಿಗೆ ಹಾಲು ಕುಡಿಸುತ್ತ ಗಿರಣಿಯ ಪಕ್ಕ ಕುಳಿತಿದ್ದಳು. ತಾಯಿಯ ಬಾಣಂತನ ಮಾಡಲು ಬಂದಿದ್ದ ಮಗಳು, ತನ್ನ ಮಗನಿಗಿಂತ ಚಿಕ್ಕ ತಂಗಿಯನ್ನು ಕಂಡು ಮೊದಲು ನಾಚಿ, ಆಮೇಲೆ ಅವಳೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು. ಫರ್ಜಾನಾಳನ್ನು ಕಂಡು ದುರುಗಮ್ಮ ತಲೆ ತಗ್ಗಿಸಿದಳು. ಕೂಸಿಗೆ ಸೆರಗು ಹೊದಿಸುತ್ತ ಕೇಳಿದಳು:

“ಮೇಡಂ, ಅದಕ್ಕ ನಿಜವಾಗ್ಲೂ ಗೊತ್ತಿತ್ತೇನ್ರಿ?”

“ನನಗ ಗೊತ್ತಿಲ್ಲಕ್ಕ.”

“ನಿಮಗೇ ಗೊತ್ತಿಲ್ಲಂದ್ರ?”

ಫರ್ಜಾನಾ ಕೂಸಿನ ಕಾಲು ಮುಟ್ಟಿದಳು.

ಆದರೆ ಉತ್ತರ ಬೇಕಾಗಿತ್ತು. ಇಂಥದೇ ಪೆಟ್ಟಿಗೆಗಳನ್ನು ಕಂಬವಿಲ್ಲದ ಇನ್ನೂ ಎಷ್ಟೋ ಊರುಗಳಿಗೆ ಕೊಡುವ ಯೋಚನೆ ಮೇಲಿನವರಿಗಿತ್ತು. ಕಲಿಯುವ ಪೆಟ್ಟಿಗೆ ಕೊಡುವುದೋ, ಎಲ್ಲರಿಗೂ ಅಳೆದು ಸರಿಪಾಲು ಕೊಡುವ ಸಾದಾ ಪೆಟ್ಟಿಗೆ ಕೊಡುವುದೋ ಎಂಬುದನ್ನು ಜಾಲಿಗಡ್ಡಿ ನೋಡಿ ತೀರ್ಮಾನಿಸಬೇಕಿತ್ತು. ಹಂಪಣ್ಣವರ್ ಸರಿಪಾಲಿನ ಕಡೆಗಿದ್ದರು. ನಮಗೇ ಅರ್ಥವಾಗದ್ದನ್ನು ಜನರ ಮನೆಯೊಳಗೆ ಇಡುವುದು ತಪ್ಪು ಎಂಬುದು ಅವರ ವಾದ. ಫರ್ಜಾನಾ ಗಡ್ಡಿಯವರನ್ನೇ ಕೇಳೋಣ ಎಂದಳು.

ಗಿರಣಿಯ ಮುಂದೆ ಎಲ್ಲರೂ ಸೇರಿದರು. ಮಾತು ಒಂದು ಕಡೆ ನಿಲ್ಲಲಿಲ್ಲ. ಸರಿಪಾಲಾದರೆ ಜಗಳವಿಲ್ಲ ಎಂದರು ಕೆಲವರು. ಸರಿಪಾಲಾಗಿದ್ದರೆ ಆ ಕೂಸು ಉಳಿಯುತ್ತಿತ್ತೇ ಎಂದರು ಕೆಲವರು. ತಿಳಿದು ಮಾಡಿದ್ದಲ್ಲ, ಇರುವೆ ಮಾಡಿದ್ದು ಎಂದ ಒಬ್ಬ. ಹಾಗಾದರೆ ಇರುವೆಗೇ ಒಂದು ಪಾಲು ಸಕ್ಕರೆ ಇಡೋಣ ಎಂದಳು ಬೂದೆಮ್ಮ. ಎಲ್ಲರೂ ನಕ್ಕರು, ಮತ್ತೆ ಗೊಂದಲಕ್ಕೆ ಬಿದ್ದರು. ಕಡೆಗೆ ಎಲ್ಲರೂ ದುರುಗಮ್ಮನ ಕಡೆ ನೋಡಿದರು. ಅವಳು ಕೂಸನ್ನು ಮಗಳ ಕೈಗೆ ಕೊಟ್ಟು ಎದ್ದು ನಿಂತಳು.

“ನನ್ನ ಗಿರಣಿ ನಿಂತಾಗ ನಾ ಅದನ್ನ ಬೈದೀನಿ. ಅದು ನನಗೇ ಎತ್ತಿಡ್ಲಿಕತ್ತಿತ್ತೋ, ಸುಮ್ನ ಕೆಟ್ಟಿತ್ತೋ, ನನಗ ಇವತ್ತಿಗೂ ತಿಳಿದಿಲ್ಲ. ತಗೊಳ್ಳಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕಳ್ಳರಂಗ ತಗೋಬಾರದು. ತಗೊಳ್ಳಕ ಮುಂಚೆ ಹೇಳಬೇಕು. ಯಾರಿಗೆ ಅಂತ ಮಾತ್ರ ಹೇಳಬಾರದು. ಆ ನಾಚಿಕಿ ಏನಂತ ನನಗ ಗೊತ್ತದ.”

ಅದಕ್ಕಿಂತ ಸ್ಪಷ್ಟವಾದ ತೀರ್ಮಾನ ಯಾರಿಗೂ ಹೊಳೆಯಲಿಲ್ಲ. ಫರ್ಜಾನಾ ರಾಯಚೂರಿಗೆ ಮರಳಿ ಹಾಗೆಯೇ ಮಾಡಿದಳು. ಪ್ರತಿ ಪೆಟ್ಟಿಗೆಯ ಮೇಲೂ ಒಂದು ಸಣ್ಣ ಹಳದಿ ದೀಪ. ಎಲ್ಲೋ ಒಂದು ಮನೆಗೆ ಎಲ್ಲರಿಂದ ಕರೆಂಟು ಬೇಕಾದಾಗ ಅದು ಹತ್ತಬೇಕು. ಬೇಡವೆನ್ನುವವರು ಪಕ್ಕದ ಗುಂಡಿ ಒತ್ತಿ ತಮ್ಮ ಪಾಲನ್ನು ತಡೆಯಬಹುದು. ಯಾರ ಬಚ್ಚಲ ದೀಪದ ಲೆಕ್ಕವೂ ಇನ್ನು ರಾಯಚೂರಿಗೆ ಹೋಗದು. ಕರೆಂಟು ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ತೋರಿಸುವ ಸೂಚಕಗಳನ್ನು ಪೆಟ್ಟಿಗೆಗಳಿಂದ ತೆಗೆಸಿ, ಯಾವ ಮನೆಗೆ ಬೇಕಾಗಿದೆ ಎಂಬುದು ಪರದೆಯ ಮುಂದೆ ಕುಳಿತ ತನಗೂ ಕಾಣದಂತೆ ಮಾಡಿದಳು. ವರದಿಯಲ್ಲಿ ಕಾರಣವನ್ನು ಕೇಳಿದ್ದ ಕಡೆ, ಖಚಿತವಾಗಿ ಗೊತ್ತಾಗಿಲ್ಲ ಎಂದು ಬರೆದಳು. ಹಂಪಣ್ಣವರ್ ಅದನ್ನು ಓದಿ, ಒಂದು ನಿಟ್ಟುಸಿರು ಬಿಟ್ಟು, ಸಹಿ ಹಾಕಿದರು.

ಹಿಂಗಾರಿ ಬಿತ್ತನೆ ಮುಗಿದ ಒಂದು ಬೆಳಗ್ಗೆ, ಒಳ್ಳೆಯ ಬಿಸಿಲಿನಲ್ಲಿ, ಜಾಲಿಗಡ್ಡಿಯ ಪೆಟ್ಟಿಗೆಗಳ ಮೇಲೆ ಹಳದಿ ದೀಪ ಮೊದಲ ಸಲ ಹತ್ತಿತು. ದುರುಗಮ್ಮ ಸಜ್ಜೆ ಬೀಸುತ್ತಿದ್ದಳು. ಸರದಿಯಲ್ಲಿ ಕುಳಿತಿದ್ದ ಹೆಂಗಸರು ದೀಪವನ್ನೂ ಅವಳನ್ನೂ ನೋಡಿದರು. ಗುಂಡಿ ಅವಳ ಕೈಗೆ ಎಟುಕುವಂತಿತ್ತು. ಸಜ್ಜೆ ಇನ್ನೂ ಅರ್ಧ ಚೀಲ ಉಳಿದಿತ್ತು. ಅವಳು ಗುಂಡಿಯ ಹತ್ತಿರ ಕೈ ಒಯ್ದು, ಹಿಂದೆಗೆದು, ತಾನೇ ಗಿರಣಿ ನಿಲ್ಲಿಸಿದಳು. ತೊಟ್ಟಿಲಿನ ಕೂಸನ್ನು ಎತ್ತಿ ಹೆಗಲಿಗೆ ಒರಗಿಸಿಕೊಂಡು ಓಣಿಗೆ ಇಳಿದಳು.

ಬೂದೆಮ್ಮನಿಗೇ ಏನಾದರೂ ಆಗಿರಬೇಕು, ವಯಸ್ಸಾಯಿತು ಎಂದುಕೊಂಡು ಬಿರಬಿರನೆ ಗುಡ್ಡೆಯ ಕಡೆ ನಡೆದಳು. ದಾರಿಯ ನಡುವೆ ಬೂದೆಮ್ಮ ಎದುರಿಗೇ ಬರುತ್ತಿದ್ದಳು, ಸೆರಗು ಜಾರಿತ್ತು.

“ಆರಾಮ ಇದ್ದೀಯಾ?” ಎಂದಳು ಬೂದೆಮ್ಮ.

“ನಾ ಆರಾಮ ಇದ್ದೀನಿ. ನೀ ಆರಾಮ ಇದ್ದೀ ಹೌದಿಲ್ಲೋ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಓಣಿಯ ಎರಡೂ ಕಡೆ ಬಾಗಿಲುಗಳು ತೆರೆಯತೊಡಗಿದ್ದವು. ಹೊಲಕ್ಕೆ ಹೊರಟವರು ಹೊರಡದೆ ನಿಂತರು. ಯಾರನ್ನು ಕೇಳಿದರೂ ನಮ್ಮ ಮನೆಯಲ್ಲಿ ಎಲ್ಲ ಆರಾಮ ಎಂದೇ ಹೇಳಿದರು. ದೀಪ ಮಾತ್ರ ಹತ್ತಿಯೇ ಇತ್ತು. ದುರುಗಮ್ಮ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಇನ್ನೂ ಬಾಗಿಲು ತೆರೆಯದಿದ್ದ ಮುಂದಿನ ಮನೆಯ ಚಿಲಕ ಬಡಿದಳು.